ಗದ್ದವಿಲ್ಲದ ದವಡೆ

ಅಪ್ಪ ಕಾಣೆಯಾದಾಗ ನನಗೆ ಹತ್ತು ವರ್ಷ. ಅವನನ್ನು ಕೊಂದವನು ಚಿಕ್ಕಪ್ಪನೇ ಅಂತ ನಾನು ತೀರ್ಮಾನ ಮಾಡಿದ್ದು ಹದಿನೆಂಟರಲ್ಲಿ, ಹಲ್ಲು ಕಟ್ಟುವ ಕೆಲಸ ಕಲಿಯೋಕೆ ಸೇರಿದ ಮೇಲೆ.

ನಮ್ಮದು ಒಂದೇ ಗೋಡೆಯ ಎರಡು ಮನೆ. ಈ ಕಡೆ ಅಪ್ಪ, ಅಮ್ಮ, ನಾನು. ಆ ಕಡೆ ಚಿಕ್ಕಪ್ಪ, ಚಿಕ್ಕಮ್ಮ, ಅವರಿಗೆ ಮಕ್ಕಳಿರಲಿಲ್ಲ. ಹಿತ್ತಲೂ ನಲ್ಲಿಯೂ ಇಬ್ಬರಿಗೂ ಒಂದೇ. ಅಪ್ಪ ಸುಣ್ಣಕಲ್ಲಿನ ಕ್ವಾರಿಯಲ್ಲಿ ಲಾರಿ ಓಡಿಸುತ್ತಿದ್ದ. ಚಿಕ್ಕಪ್ಪ ಅದೇ ಕ್ವಾರಿಯಲ್ಲಿ ಬಂಡೆಗೆ ಕುಳಿ ಕೊರೆದು ಸಿಡಿಮದ್ದು ತುಂಬುವವನು. ಊರಿಗೆಲ್ಲ ಅವನು ಮದ್ದಿನಣ್ಣ. ಮದ್ದಿನ ಜೊತೆ ಇಪ್ಪತ್ತು ವರ್ಷ ಕಳೆದರೂ ಕೈಯ ಹತ್ತೂ ಬೆರಳು ಉಳಿಸಿಕೊಂಡವನು ಅಂತ ಅವನ ಮೇಲೆ ಒಂದು ಥರದ ಗೌರವವಿತ್ತು.

ಅಪ್ಪ ಕಾಣೆಯಾದ ಸಂಜೆ ಹಿತ್ತಲಲ್ಲಿ ಅಣ್ಣತಮ್ಮಂದಿರ ಜಗಳ ನಡೆದಿತ್ತು. ನಾನು ಒಳಗೆ ಕೂತು ಲೆಕ್ಕದ ಮನೆಪಾಠ ಬರೆಯುತ್ತಿದ್ದೆ. ಮಾತು ಸ್ಪಷ್ಟವಾಗಿ ಕೇಳಿಸಲಿಲ್ಲ, ಏರಿದ ದನಿಗಳಷ್ಟೇ ಕೇಳಿಸಿದವು. ಆಮೇಲೆ ಕೊಡ ಉರುಳಿದ ಸದ್ದು. ಆಮೇಲೆ ಏನೂ ಇಲ್ಲ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಹಿತ್ತಲಿಗೆ ಹೋದರೆ ಚಿಕ್ಕಪ್ಪ ನಲ್ಲಿಯ ಕೆಳಗೆ ಕೆಸರಾದ ಪ್ಯಾಂಟು ತೊಳೆಯುತ್ತಿದ್ದ. ಬಲಗೈಗೆ ಬಟ್ಟೆ ಸುತ್ತಿತ್ತು. ನನ್ನನ್ನು ಕಂಡವನೇ ಆ ಕೈಯನ್ನು ಬೆನ್ನ ಹಿಂದೆ ಮಾಡಿದ.

ಪೊಲೀಸರು ಕೇಳಿದಾಗ ಅವನು, ರಾತ್ರಿಯಿಡೀ ಮನೆಯಲ್ಲೇ ಮಲಗಿದ್ದೆ, ಕೈಗೆ ಕ್ವಾರಿಯಲ್ಲಿ ಕಲ್ಲು ಬಡಿಯಿತು ಅಂದ. ಕೆಸರಿನ ಪ್ಯಾಂಟಿನ ವಿಷಯ ನಾನು ಯಾರಿಗೂ ಹೇಳಲಿಲ್ಲ. ಯಾರೂ ನನ್ನನ್ನು ಕೇಳಲೂ ಇಲ್ಲ.

ನಮ್ಮ ಹಲ್ಲಿನ ಡಾಕ್ಟರರ ಕ್ಲಿನಿಕ್ ಪೇಟೆಬೀದಿಯ ಮೇಲಂತಸ್ತಿನಲ್ಲಿದೆ. ಮುಂದಿನ ಕೋಣೆಯಲ್ಲಿ ಅವರು ಕೀಳುತ್ತಾರೆ, ಹಿಂದಿನ ಕೋಣೆಯಲ್ಲಿ ನಾನು ಕಟ್ಟುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಮೀನಿನ ವ್ಯಾಪಾರಿ ಮುಂದಿನ ಹಲ್ಲು ಮುರಿದುಕೊಂಡು ಬಂದಿದ್ದ. ಮುರಿದವನೂ ಜೊತೆಗೇ ಬಂದಿದ್ದ, ಅವನ ಭಾವಮೈದುನ. ಡಾಕ್ಟರು ಭಾವಮೈದುನನ ಮುಷ್ಟಿಯನ್ನೂ ತೊಳೆದು, ಗೆಣ್ಣಿನ ಮೇಲಿದ್ದ ಅರ್ಧಚಂದ್ರದಂಥ ಗಾಯವನ್ನು ನನಗೆ ತೋರಿಸಿ ಹೇಳಿದರು: ಬಾಯಿಗೆ ಗುದ್ದಿದವನಿಗೆ ಆಗೋ ಗಾಯ ಇದು, ನಾಯಿ ಕಚ್ಚಿದ್ದಕ್ಕಿಂತ ಕೆಟ್ಟದ್ದು, ಕಲೆ ಜನ್ಮಪೂರ್ತಿ ಉಳಿಯುತ್ತೆ. ಅವತ್ತು ಸಂಜೆ ಮನೆಗೆ ಬಂದಾಗ ಚಿಕ್ಕಪ್ಪ ಹಿತ್ತಲ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಲೋಟ ಹಿಡಿದ ಬಲಗೈಯ ಗೆಣ್ಣಿನ ಮೇಲೆ ಅದೇ ಅರ್ಧಚಂದ್ರವಿತ್ತು.

ಅವತ್ತಿನಿಂದ ನಾನು ಅವನು ಕೊಟ್ಟ ಏನನ್ನೂ ತಿನ್ನಲಿಲ್ಲ. ತಗೊಳ್ಳುತ್ತಿದ್ದೆ, ಬೀದಿ ತಿರುವಿನಲ್ಲಿ ಬಿಸಾಕುತ್ತಿದ್ದೆ. ಅವನು ನಕ್ಕರೆ ಯಾಕೆ ನಕ್ಕ ಅನ್ನಿಸುತ್ತಿತ್ತು, ನಗದಿದ್ದರೆ ಯಾಕೆ ನಗಲಿಲ್ಲ ಅನ್ನಿಸುತ್ತಿತ್ತು. ಗೋಡೆಯಾಚೆ ಅವನು ಕೆಮ್ಮಿದರೆ ಲೆಕ್ಕವಿಡುತ್ತಿದ್ದೆ: ನಿದ್ದೆ ಬರುತ್ತಿಲ್ಲ, ಯಾಕೆ ಬರುತ್ತೆ? ಅಮ್ಮನಿಗೆ ಮಾತ್ರ ಬಾಯಿ ಬಿಡಲಿಲ್ಲ. ಅವಳು ಶಾಲೆಯ ಸಮವಸ್ತ್ರ ಹೊಲಿದು ನನ್ನನ್ನು ಸಾಕಿದವಳು. ಬಾಗಿಲ ಸದ್ದಾದರೆ ಹೊಲಿಗೆಯಂತ್ರ ತುಳಿಯುವುದನ್ನು ನಿಲ್ಲಿಸಿ ಒಂದು ಕ್ಷಣ ಕಿವಿಗೊಡುತ್ತಿದ್ದಳು. ಹನ್ನೆರಡು ವರ್ಷ ಹಾಗೆಯೇ.

ಹೋದ ವರ್ಷ ಕ್ವಾರಿಯ ಹಳೇ ಭಾಗದಲ್ಲಿ, ಬಹಳ ಕಾಲದಿಂದ ಬಿಟ್ಟಿದ್ದ ಒಂದು ಗೋಡೆಗೆ ಮದ್ದಿಟ್ಟರು. ಬಂಡೆ ಸೀಳಿದಾಗ ಒಳಗೆ, ಮೇಲಿನ ಬಾಯಿಂದ ಮಣ್ಣು ತುಂಬಿದ ಗುಹೆಯಂಥ ಬಿರುಕು ಕಾಣಿಸಿತು. ಮಣ್ಣು ತೆಗೆಯುತ್ತಿದ್ದ ಯಂತ್ರದ ಬಕೆಟ್ಟಿನಲ್ಲಿ ತಲೆಬುರುಡೆಯ ಒಂದು ತುಂಡು, ಒಂದು ಕೆಳದವಡೆ ಬಂದವು. ಮಧ್ಯಾಹ್ನದೊಳಗೆ ಊರಿನ ಬಾಯಲ್ಲಿ ಅದು ನಮ್ಮಪ್ಪನೇ ಆಗಿಹೋಗಿತ್ತು. ಆ ಗೋಡೆಗೆ ಮದ್ದು ತುಂಬಿದವನು ಚಿಕ್ಕಪ್ಪನೇ. ತಾನೇ ಬಚ್ಚಿಟ್ಟದ್ದನ್ನು ತಾನೇ ಯಾರಾದರೂ ಸಿಡಿಸಿ ತೆಗೀತಾರಾ ಅಂತ ಕೆಲವರು ಕೇಳಿದರು. ಜಾಗ ಗುರುತು ಮಾಡಿದ್ದು ಮ್ಯಾನೇಜರು, ಪಾಪ, ಅವನೇನು ಮಾಡ್ತಾನೆ ಅಂತ ಉಳಿದವರು ನಕ್ಕರು. ಎಲ್ಲರೂ ಒಪ್ಪಿದ ಒಂದು ಮಾತಿತ್ತು: ಮೂಳೆ ಕಂಡ ಕೂಡಲೇ ಮದ್ದಿನಣ್ಣ ಬಿಳಿಚಿಕೊಂಡು ನೆಲಕ್ಕೆ ಕುಸಿದು ಕೂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ.

ಮರುದಿನ ಇನ್ಸ್‌ಪೆಕ್ಟರ್ ನಮ್ಮ ಕ್ಲಿನಿಕ್ಕಿಗೆ ಬಂದರು. ಕೈಯಲ್ಲಿ ಬೂಟಿನ ರಟ್ಟಿನ ಡಬ್ಬಿ. ಅಪ್ಪ ಕಾಣೆಯಾಗುವ ಎರಡು ವರ್ಷ ಮುಂಚೆ ನಮ್ಮ ಡಾಕ್ಟರೇ ಅವನ ಕೆಳದವಡೆಯ ಬಲಗಡೆಯ ಒಂದು ಹಲ್ಲು ಕಿತ್ತಿದ್ದರು. ಅದರ ಕಾರ್ಡು ಕಪಾಟಿನಲ್ಲಿ ಇನ್ನೂ ಇತ್ತು. ಡಾಕ್ಟರಿಗೆ ಆಗಲೇ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಮುಂದೂಡುತ್ತಿದ್ದರು. ದವಡೆಯನ್ನು ದೀಪದ ಕೆಳಗೆ ಹಿಡಿದು, ಕಾರ್ಡು ನೋಡಿ, ಬಲಗಡೆ ಅದೇ ಹಲ್ಲು ಇಲ್ಲ, ಹೊಂದಿದ ಹಾಗೆ ಕಾಣುತ್ತೆ ಅಂದರು. ಆಮೇಲೆ ಅಭ್ಯಾಸಬಲದಿಂದ, ನೀನೊಂದು ಸಲ ನೋಡಮ್ಮ ಅಂತ ನನ್ನ ಕೈಗೆ ಕೊಟ್ಟರು. ಸಣ್ಣದೇನನ್ನಾದರೂ ನೋಡಬೇಕಾದರೆ ಅವರು ಹಾಗೇ ಮಾಡುತ್ತಿದ್ದದ್ದು. ಇನ್ಸ್‌ಪೆಕ್ಟರ್ ತಡೆಯಲು ಬಂದರು. ಪರವಾಗಿಲ್ಲ ಸಾರ್ ಅಂದೆ.

ಅದು ಕಲ್ಲಿನಷ್ಟು ಭಾರವಾಗಿತ್ತು. ನಾಲ್ಕು ವರ್ಷದಲ್ಲಿ ನಾನು ಎಷ್ಟು ದವಡೆಗಳ ಅಚ್ಚು ತೆಗೆದಿದ್ದೇನೋ ಲೆಕ್ಕವಿಲ್ಲ. ಮುದುಕರದು, ಮಕ್ಕಳದು, ಅಪಘಾತವಾದವರದು. ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿದರೆ ಗದ್ದ ಎಲ್ಲಿ ಅಂತ ಬೆರಳಿಗೇ ಗೊತ್ತು. ಇದರಲ್ಲಿ ಹೆಬ್ಬೆರಳು ಜಾರಿ ಹಿಂದಕ್ಕೆ ಹೋಯಿತು. ಗದ್ದವೇ ಇರಲಿಲ್ಲ. ನಮ್ಮೆಲ್ಲರ ಬಾಯಲ್ಲಿ ಕೊನೆಯ ದವಡೆಹಲ್ಲಿಗೆ ಜಾಗ ಸಾಲದೆ ಒದ್ದಾಟ; ಇದರಲ್ಲಿ ಕೊನೆಯ ಹಲ್ಲಿನ ಹಿಂದೆ ಇನ್ನೂ ಒಂದು ಬೆರಳಿನಷ್ಟು ಜಾಗ ಖಾಲಿಯಿತ್ತು. ಮುಂದಿನ ಹಲ್ಲುಗಳು ದೊಡ್ಡವು, ವರ್ಷಗಟ್ಟಲೆ ಏನನ್ನೋ ಕಚ್ಚಿ ಎಳೆದ ಹಾಗೆ ಓರೆಯಾಗಿ ಸವೆದಿದ್ದವು. ಬಲಗಡೆ ಹಲ್ಲು ಇಲ್ಲದ ಜಾಗದಲ್ಲಿ ಕುಳಿ ಚೂಪಾಗಿ ಬಾಯ್ತೆರೆದುಕೊಂಡಿತ್ತು. ಬದುಕಿದ್ದಾಗ ಕಿತ್ತ ಹಲ್ಲಿನ ಕುಳಿ ವರ್ಷದೊಳಗೆ ಮೂಳೆ ತುಂಬಿ ಮುಚ್ಚಿಹೋಗುತ್ತೆ. ಇದು ಸತ್ತ ಮೇಲೆ ಉದುರಿದ ಹಲ್ಲು.

ಇದು ಅಪ್ಪನದಲ್ಲ ಅಂತ ನನಗೆ ಅರ್ಧ ನಿಮಿಷದಲ್ಲಿ ಗೊತ್ತಾಯಿತು. ಮತ್ತೆ ಯಾರದು, ಏನು ಅಂತ ಗೊತ್ತಿರಲಿಲ್ಲ. ಅಪ್ಪನದಲ್ಲ ಅನ್ನುವುದಂತೂ ಗೊತ್ತಿತ್ತು.

"ಏನಮ್ಮ?" ಅಂದರು ಇನ್ಸ್‌ಪೆಕ್ಟರ್.

"ನನಗೇನೂ ಹೇಳೋಕೆ ಬರಲ್ಲ ಸಾರ್," ಅಂದೆ.

ಅವರು ಡಬ್ಬಿ ಮುಚ್ಚಿಕೊಂಡು ಹೋದರು. ನಾನು ಹಿಂದಿನ ಕೋಣೆಗೆ ಬಂದು ಅರ್ಧಕ್ಕೆ ಬಿಟ್ಟಿದ್ದ ಮೇಣದ ಹಲ್ಲುಸಾಲನ್ನು ಕೈಗೆತ್ತಿಕೊಂಡೆ. ಈ ಮೂಳೆ ಸುಳ್ಳಾದರೂ ಚಿಕ್ಕಪ್ಪ ಮಾಡಿದ್ದು ಸುಳ್ಳಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಯಾವ ದಾರಿಯಿಂದಲಾದರೂ ಬರಲಿ, ಅವನು ಉತ್ತರ ಕೊಡುವ ಜಾಗಕ್ಕೆ ಬಂದರೆ ಸಾಕು.

ಅವತ್ತೇ ಚಿಕ್ಕಪ್ಪನನ್ನು ಠಾಣೆಗೆ ಕರೆದುಕೊಂಡು ಹೋದರು. ಸಂಜೆಗೆ ಬಿಡುವುದು, ಬೆಳಿಗ್ಗೆ ಮತ್ತೆ ಕರೆಸುವುದು, ಹೀಗೆ ಐದು ದಿನ ನಡೆಯಿತು. ಕ್ವಾರಿಯಲ್ಲಿ ಅವನಿಗೆ ಕೆಲಸ ಬೇಡ ಅಂದರು. ಹಾಲಿನವನು ಅವರ ಬಾಗಿಲಲ್ಲಿ ನಿಲ್ಲದೆ ಮುಂದೆ ಹೋದ. ಅಮ್ಮ ಮಾತ್ರ ಹನ್ನೆರಡು ವರ್ಷದಲ್ಲಿ ಮೊದಲ ಸಲ ಬೆಳಕಾದ ಮೇಲೂ ನಿದ್ದೆ ಮಾಡಿದಳು. ಎದ್ದು ತಲೆ ಬಾಚಿಕೊಂಡು, ಮೂಳೆಯನ್ನ ನಮಗೆ ಯಾವಾಗ ಕೊಡ್ತಾರಂತೆ, ಮಣ್ಣು ಮಾಡಬೇಕಲ್ಲ ಅಂತ ಕೇಳಿದಳು. ಬಾಗಿಲ ಸದ್ದಾದರೂ ಅವಳ ಕಾಲು ಯಂತ್ರ ತುಳಿಯುವುದನ್ನು ನಿಲ್ಲಿಸುತ್ತಿರಲಿಲ್ಲ. ಆ ನೆಮ್ಮದಿಯನ್ನು ನೋಡಿ ನನ್ನ ಬಾಯಿಗೆ ಇನ್ನೊಂದು ಬೀಗ ಬಿತ್ತು.

ಮೂರನೆಯ ದಿನ ಚಿಕ್ಕಮ್ಮ ಕ್ಲಿನಿಕ್ಕಿಗೇ ಬಂದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ, ರೋಗಿಗಳ ಬೆಂಚಿನ ಮೇಲೆ ಕೂರದೆ, ನೇರವಾಗಿ ನನ್ನ ಮೇಜಿನ ಮುಂದೆ ನಿಂತಳು. ಅವಳು ನನ್ನನ್ನು ಎತ್ತಿ ಆಡಿಸಿದವಳು, ಜಡೆ ಹೆಣೆದವಳು.

"ನಿನಗೆ ಹಲ್ಲಿನ ವಿಷಯ ಗೊತ್ತು. ನೀನು ಅದನ್ನ ನೋಡಿದೀಯಂತೆ. ಅದು ಭಾವನವರದೇನಾ? ನೀನು ಹೌದು ಅಂದ್ರೆ ನಾನೇ ಅವರನ್ನ ಕೇಳ್ತೀನಿ, ಯಾಕೆ ಹೀಗೆ ಮಾಡಿದ್ರಿ ಅಂತ. ಇಲ್ಲ ಅಂದ್ರೆ ಇಲ್ಲ ಅನ್ನು."

ನಾನು ಪ್ಲಾಸ್ಟರಿನ ಪುಡಿಯನ್ನು ನೀರಿಗೆ ಹಾಕಿ ಕಲಸುತ್ತಿದ್ದೆ. ಗೊತ್ತಿಲ್ಲ ಚಿಕ್ಕಮ್ಮ ಅಂದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಅನುಮಾನ ಅಂದರೆ ಏನು ಅಂತ ಆ ನೋಟದಲ್ಲಿ ನನಗೆ ಅರ್ಥವಾಯಿತು. ಅಷ್ಟು ವರ್ಷ ನಾನು ಬೇರೆಯವರ ಮೇಲೆ ಇಟ್ಟಿದ್ದೆನೇ ಹೊರತು ನನ್ನ ಮೇಲೆ ಯಾರೂ ಇಟ್ಟಿರಲಿಲ್ಲ. ಅವಳು ಹೋದ ಮೇಲೆ ನೋಡಿದರೆ ಬಟ್ಟಲಿನಲ್ಲಿ ಪ್ಲಾಸ್ಟರ್ ಗಟ್ಟಿಯಾಗಿಬಿಟ್ಟಿತ್ತು.

ಆರನೆಯ ದಿನ ವಿಶ್ವವಿದ್ಯಾಲಯದಿಂದ ಒಬ್ಬ ಹೆಂಗಸು ಬಂದರು. ಶವಾಗಾರದ ವೈದ್ಯರಿಗೆ ಆ ಬುರುಡೆಯ ಹುಬ್ಬಿನ ಮೂಳೆ ವಿಚಿತ್ರ ಅನ್ನಿಸಿ ಫೋಟೊ ಕಳಿಸಿದ್ದರಂತೆ. ಐವತ್ತರ ಹತ್ತಿರದ ವಯಸ್ಸು, ಮಂಡಿಗೆ ತೇಪೆ ಹಾಕಿದ ಪ್ಯಾಂಟು. ಕ್ವಾರಿಯವರು ಸಂಜೆಯೊಳಗೆ ಮೂಳೆ ಮೇಡಂ ಅಂತ ಹೆಸರಿಟ್ಟರು. ಅವರು ದವಡೆ ನೋಡಿ, ಇದು ಕೊಲೆ ಕೇಸಲ್ಲ, ಐವತ್ತು ಸಾವಿರ ವರ್ಷಕ್ಕೂ ಹಳೆಯದು, ನಿಯಾಂಡರ್ತಾಲ್ ಅನ್ನುವ ಅಳಿದುಹೋದ ಮಾನವ ಜಾತಿಯದು ಅಂದರೆಂದು ಸುದ್ದಿ ಹಬ್ಬಿತು. ಊರು ನಂಬಲಿಲ್ಲ. ಐವತ್ತು ಸಾವಿರ ವರ್ಷವಂತೆ, ಕೇಸು ಮುಚ್ಚೋಕೆ ಒಳ್ಳೇ ಉಪಾಯ ಅಂತ ಕ್ಷೌರದಂಗಡಿಯಲ್ಲಿ ಮಾತಾಡಿದರು. ಕ್ವಾರಿಯ ಮ್ಯಾನೇಜರೇ ಕರೆಸಿದ ಹೆಂಗಸು ಅಂತಲೂ ಅಂದರು. ಸತ್ಯ ಗೊತ್ತಿದ್ದ ನನಗೂ, ಒಂದು ಗಳಿಗೆ, ಯಾರು ಕಳಿಸಿರಬಹುದು ಇವರನ್ನು ಅನ್ನಿಸಿಹೋಯಿತು. ರೂಢಿ ಅಷ್ಟು ಬಲವಾಗಿತ್ತು.

ಹಲ್ಲಿನ ಎಕ್ಸ್‌ರೇ ತೆಗೆಸಲು ಮೇಡಂ ನಮ್ಮಲ್ಲಿಗೇ ಬಂದರು. ಜೊತೆಯಲ್ಲಿ ಇನ್ಸ್‌ಪೆಕ್ಟರ್. ತಪ್ಪು ಮಾಡಿದ ವಿದ್ಯಾರ್ಥಿಯ ಹಾಗೆ ಅವರು ಗೋಡೆಗೆ ಒರಗಿ ನಿಂತಿದ್ದರು. ನಾನು ದವಡೆಯನ್ನು ಯಂತ್ರದ ಮುಂದೆ ಹತ್ತಿಯ ಮೇಲೆ ಕೂರಿಸುತ್ತಿದ್ದೆ.

"ಇವರು ನಮ್ಮ ಅಜ್ಜಂದಿರಾ ಮೇಡಂ?" ಅಂತ ಇನ್ಸ್‌ಪೆಕ್ಟರ್ ಕೇಳಿದರು.

"ನೇರ ಅಜ್ಜಂದಿರಲ್ಲ. ದೊಡ್ಡಪ್ಪನ ಕಡೆಯವರು ಅಂದ್ಕೊಳ್ಳಿ. ಐದಾರು ಲಕ್ಷ ವರ್ಷದ ಹಿಂದೆ ಮನೆತನ ಒಂದೇ. ಆಮೇಲೆ ಪಾಲಾಯ್ತು. ಅವರು ಚಳಿಯ ಸೀಮೆಗಳಲ್ಲಿ ಬೆಳೆದ್ರು, ನಮ್ಮವರು ಬಿಸಿಲಲ್ಲಿ. ಇಷ್ಟು ದೂರ, ನಮ್ಮ ಕಡೆಗೂ ಬಂದಿದ್ರು ಅಂತ ಇದುವರೆಗೆ ಯಾರಿಗೂ ಗೊತ್ತಿರಲಿಲ್ಲ. ಅವರ ಮಿದುಳು ನಮ್ಮದರಷ್ಟೇ ದೊಡ್ಡದು. ಬೆಂಕಿ ಗೊತ್ತಿತ್ತು, ಚರ್ಮ ಹದ ಮಾಡೋದು ಗೊತ್ತಿತ್ತು. ಈ ಮುಂದಿನ ಹಲ್ಲು ನೋಡಿ, ತೊಗಲನ್ನ ಕಚ್ಚಿ ಎಳೆದೂ ಎಳೆದೂ ಸವೆದಿರೋದು."

"ದಾಯಾದಿಗಳು ಅನ್ನಿ," ಅಂದರು ಇನ್ಸ್‌ಪೆಕ್ಟರ್. "ಹಾಗಾದ್ರೆ ನಮ್ಮವರೇ ಮುಗಿಸಿರಬೇಕು."

ಮೇಡಂ ನಕ್ಕರು. ಎಲ್ಲರೂ ಮೊದಲು ಕೇಳುವುದು ಅದನ್ನೇ ಅಂತೆ. ನಲವತ್ತು ಸಾವಿರ ವರ್ಷದ ಹಿಂದೆ ಅವರು ಇಲ್ಲವಾದರು, ಸುಮಾರು ಅದೇ ಕಾಲಕ್ಕೆ ನಾವು ಅವರ ಸೀಮೆಗಳಿಗೆ ಹೋಗಿದ್ದೆವು, ಅಷ್ಟರಿಂದಲೇ ನಾವು ಕೊಲೆಗಾರರು ಅಂತ ಬಹಳ ಜನ ಬರೆದಿದ್ದಾರಂತೆ. ಒಂದೆರಡು ಕಡೆ ಹೊಡೆದಾಟ ಆಗಿರಬಹುದು. ಆದರೆ ಅವರು ಮೊದಲೇ ಕಡಿಮೆ ಜನ, ಚಳಿಯೂ ಏರುಪೇರು, ಚಿಕ್ಕ ಚಿಕ್ಕ ಗುಂಪು. ಕೆಲವರು ನಮ್ಮವರ ಜೊತೆ ಸಂಸಾರ ಮಾಡಿ ನಮ್ಮಲ್ಲೇ ಸೇರಿಹೋದರು. ಇವತ್ತು ನಮ್ಮಲ್ಲಿ ಬಹಳ ಜನರ ಮೈಯಲ್ಲಿ ನೂರಕ್ಕೆ ಒಂದೆರಡು ಪಾಲು ಅವರದೇ. "ಏನಾಯ್ತು ಅಂತ ಪೂರ್ತಿ ಗೊತ್ತಿಲ್ಲ," ಅಂದರು. "ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅಂತಲೇ ಬರೀತೀವಿ."

ಆಮೇಲೆ ಹಿಂದಿನ ಎರಡು ಹಲ್ಲಿನ ನಡುವೆ ಸಣ್ಣ ಗೀರು ತೋರಿಸಿದರು. ಹಲ್ಲುನೋವಿಗೋ ಏನೋ, ಆ ಮನುಷ್ಯ ಕಡ್ಡಿ ಹಾಕಿ ಹಾಕಿ ತಿಕ್ಕಿದ್ದ ಗುರುತು. ಅದನ್ನು ನಾನು ಮೊದಲ ದಿನ ಗಮನಿಸಿರಲಿಲ್ಲ. ನಮ್ಮ ಬೆಂಚಿನ ಮೇಲೆ ಕೆನ್ನೆಗೆ ಕೈಕೊಟ್ಟು ಕೂರುವವರ ಮುಖ ನೆನಪಾಯಿತು. ಒಬ್ಬ ನೋವಿದ್ದ ಮನುಷ್ಯನ ದವಡೆಯನ್ನು ಹಿಡಿದು ಇನ್ನೊಬ್ಬನಿಗೆ ನೋವು ಕೊಡಲು ಬಳಸಿಕೊಂಡಿದ್ದೆ.

ಇನ್ಸ್‌ಪೆಕ್ಟರ್ ಫೋನಿಗೆಂದು ಹೊರಗೆ ಹೋದಾಗ ಮೇಡಂ ದನಿ ತಗ್ಗಿಸಿ, ಹಲ್ಲಿನ ಕೆಲಸ ಮಾಡುವವರು ನೋಡಿಯೂ ಇದು ಹೇಗೆ ತಪ್ಪಿಹೋಯಿತು, ಆ ಕುಳಿ ಒಂದನ್ನು ನೋಡಿದರೆ ಸಾಕಿತ್ತಲ್ಲ ಅಂದರು. ಡಾಕ್ಟರಿಗೆ ಕಣ್ಣು ಮಂಜು ಅಂತ ಹೇಳಿ ನಾನು ಪಾರಾಗಬಹುದಿತ್ತು. ಬಾಯಿ ತೆರೆದಾಗ ಬೇರೆಯೇ ಬಂತು. ತಪ್ಪಿಹೋಗಲಿಲ್ಲ, ನನಗೆ ಗೊತ್ತಿತ್ತು ಅಂದೆ. ಎಲ್ಲವನ್ನೂ ಹೇಳಿದೆ. ಅವರು ಎಕ್ಸ್‌ರೇ ಹಾಳೆಗಳನ್ನು ಲಕೋಟೆಗೆ ಹಾಕಿಕೊಳ್ಳುತ್ತಾ ಇಷ್ಟೇ ಅಂದರು: "ಇದನ್ನ ನನಗೆ ಹೇಳಿ ಏನು ಪ್ರಯೋಜನ? ಹೇಳಬೇಕಾದವರಿಗೆ ಹೇಳಿ."

ಮಧ್ಯಾಹ್ನ ರಜೆ ಹಾಕಿ ಮನೆಗೆ ನಡೆದೆ. ಚಿಕ್ಕಪ್ಪ ಹಿತ್ತಲಲ್ಲಿ ಕೂತು ಗುದ್ದಲಿಗೆ ಹೊಸ ಕಾವು ಕೂರಿಸುತ್ತಿದ್ದ. ಐದೇ ದಿನದಲ್ಲಿ ಕುತ್ತಿಗೆ ಸಣ್ಣದಾಗಿತ್ತು. ಚಿಕ್ಕಮ್ಮ ಬಾಗಿಲಲ್ಲಿ ನಿಂತವಳು ನನ್ನನ್ನು ಕಂಡು ಒಳಗೂ ಹೋಗಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ನಿಂತೇ ಹೇಳಿದೆ. ಮೊದಲನೇ ದಿನವೇ ಅದು ಅಪ್ಪನದಲ್ಲ ಅಂತ ಗೊತ್ತಿತ್ತು, ಬೇಕಂತಲೇ ಸುಮ್ಮನಿದ್ದೆ ಅಂತ.

ಅವನು ಕಾವನ್ನು ಪಕ್ಕಕ್ಕಿಟ್ಟ.

"ಯಾಕೆ ಮರಿ?"

"ನಿನ್ನ ಕೈ," ಅಂದೆ. "ಅದು ಕಲ್ಲಿನ ಗಾಯ ಅಲ್ಲ. ಹಲ್ಲಿನ ಗಾಯ."

ಅವನು ತನ್ನ ಮುಷ್ಟಿಯನ್ನು ಬೇರೆ ಯಾರದೋ ಅನ್ನುವ ಹಾಗೆ ನೋಡಿಕೊಂಡ. ಆಮೇಲೆ ಹೇಳಿದ. ಅವತ್ತು ಸಂಜೆ ಅಪ್ಪ ಲಾರಿಯ ಕೀಲಿಯನ್ನು ಮ್ಯಾನೇಜರಿಗೆ ಒಪ್ಪಿಸಿ ಬಂದಿದ್ದನಂತೆ. ನನಗೆ ಇಲ್ಲಿ ಉಸಿರು ಕಟ್ಟುತ್ತೆ, ಎಲ್ಲಿಗಾದರೂ ಹೋಗಿಬಿಡ್ತೀನಿ ಅಂದನಂತೆ. ಹೆಂಡತಿ ಮಗಳು ಏನಾಗಬೇಕು ಅಂತ ಚಿಕ್ಕಪ್ಪ ಕೇಳಿದ್ದಕ್ಕೆ, ನೀನಿದ್ದೀಯಲ್ಲ ಅಂದನಂತೆ. ಆಗ ಬಾಯಿಗೆ ಗುದ್ದಿದ್ದು. ಅಪ್ಪ ರಕ್ತ ಒರೆಸಿಕೊಂಡು ಒಳಗೆ ಹೋದ. ಬೆಳಗಾಗುವ ಮುಂಚೆ ನೋಡಿದರೆ ಇಲ್ಲ. ಚಿಕ್ಕಪ್ಪ ಕತ್ತಲಲ್ಲೇ ಕ್ವಾರಿಯ ದಾರಿ, ಬಸ್ಸಿನ ದಾರಿ ಎರಡನ್ನೂ ಹುಡುಕಿ, ಕೆಸರಲ್ಲಿ ಬಿದ್ದು ಎದ್ದು ಬಂದ.

"ನಾನು ಹೊಡೆದದ್ದಕ್ಕೇ ಹೋದ ಅಂತ ಎಲ್ಲರೂ ಅಂತಾರೆ ಅಂತ ಮುಚ್ಚಿಟ್ಟೆ. ಆ ಮೂಳೆ ಕಂಡಾಗ, ಅವತ್ತು ಕತ್ತಲಲ್ಲಿ ದಾರಿ ತಪ್ಪಿ ಅಣ್ಣ ಅಲ್ಲೇ ಬಿದ್ದು ಸತ್ತಿದಾನೆ, ಹನ್ನೆರಡು ವರ್ಷ ಅವನ ಪಕ್ಕದಲ್ಲೇ ಬಂಡೆ ಸಿಡಿಸ್ತಿದ್ದೆ ಅನ್ನಿಸ್ತು. ಕಾಲು ನಿಲ್ಲಲಿಲ್ಲ." ಕಾವನ್ನು ಮತ್ತೆ ಕೈಗೆತ್ತಿಕೊಂಡ. "ನಾನೂ ನಿಮ್ಮನ್ನ ಅನುಮಾನ ಪಟ್ಟಿದೀನಿ ಮರಿ. ಅತ್ತಿಗೆ ಒಂಬತ್ತು ದಿನ ದೂರು ಕೊಡಲಿಲ್ಲ. ಎಲ್ಲಿದಾನೆ ಅಂತ ಅವರಿಗೆ ಗೊತ್ತು, ನನಗೆ ಮಾತ್ರ ಹೇಳ್ತಿಲ್ಲ ಅಂದ್ಕೊಂಡಿದ್ದೆ."

ಚಿಕ್ಕಮ್ಮ ಬಾಗಿಲಿಂದಲೇ, ನಾನು ಕೇಳಿದಾಗ ಗೊತ್ತಿಲ್ಲ ಅಂದೆಯಲ್ಲ, ಅದನ್ನ ಮರೆಯೋಕೆ ನನಗೆ ಟೈಮ್ ಬೇಕು ಅಂದಳು. ಸರಿ ಅಂದೆ.

ಅಮ್ಮನಿಗೆ ಹೇಳುವುದೇ ಕಷ್ಟವಾಯಿತು. ಮೂಳೆ ಯಾರದು, ಎಷ್ಟು ಹಳೆಯದು ಅಂತ ವಿವರಿಸಿದೆ. ಅವಳು ಕಾಲರಿನ ಹೊಲಿಗೆ ಮುಗಿಸಿ ದಾರ ಕಚ್ಚಿ ತುಂಡರಿಸಿದಳು.

"ಹಾಗಾದ್ರೆ ಮತ್ತೆ ಕಾಯಬೇಕಾ?" ಅಂದಳು.

ಕ್ವಾರಿಯ ಆ ಭಾಗವನ್ನು ಈಗ ಮುಚ್ಚಿದ್ದಾರೆ. ಮೇಡಂ ಅವರ ತಂಡ ಅಗೆಯುತ್ತಿದೆ. ಬಂಡೆ ಯಾವ ಕಡೆಯಿಂದ ಬಿಟ್ಟುಕೊಡುತ್ತೆ ಅಂತ ಊರಿನಲ್ಲಿ ಚಿಕ್ಕಪ್ಪನಷ್ಟು ಬಲ್ಲವರಿಲ್ಲ. ಅವನನ್ನೇ ಕೆಲಸಕ್ಕೆ ಇಟ್ಟುಕೊಂಡರು, ಮದ್ದಿಲ್ಲದೆ, ಉಳಿ ಸುತ್ತಿಗೆಯಲ್ಲಿ. ದವಡೆಯ ಅಚ್ಚು ತೆಗೆದು ಪ್ಲಾಸ್ಟರಿನಲ್ಲಿ ನಾಲ್ಕು ಪ್ರತಿ ಮಾಡಿಕೊಡುವ ಕೆಲಸ ನನಗೆ ಬಂತು. ಊರಿನಲ್ಲಿ ಅರ್ಧ ಜನ ಇನ್ನೂ ನಂಬಿಲ್ಲ.

ನನಗೂ ಅನುಮಾನ ಒಂದೇ ಸಲಕ್ಕೆ ಬಿಟ್ಟುಹೋಗಲಿಲ್ಲ. ಅದು ಎದ್ದಾಗ ಮೊದಲಿನ ಹಾಗೆ ನುಂಗಿಕೊಳ್ಳದೆ ಈಗ ಹಿತ್ತಲಿಗೆ ಹೋಗಿ ಕೇಳಿಬಿಡುತ್ತೇನೆ. ಹೋದ ಭಾನುವಾರವೂ ಕೇಳಿದೆ. ಸುಮ್ಮನೆ ಹೋದ ಅಂತೀಯ, ಬಟ್ಟೆಬರೆ ಏನೂ ಇಲ್ಲದೆ ಯಾರಾದರೂ ಮನೆ ಬಿಡ್ತಾರಾ? ಮನೆಯಿಂದ ಏನೂ ಹೋಗಿಲ್ಲ ಅಂತ ಅಮ್ಮ ಪೊಲೀಸರ ಹತ್ತಿರ ಬರೆಸಿದ್ದಳಲ್ಲ?

ಚಿಕ್ಕಪ್ಪ, ಅವನು ಒಳಗೆ ಹೋದದ್ದು ನೋಡಿದೆ, ಆಗ ಕೈಯಲ್ಲಿ ಏನೂ ಇರಲಿಲ್ಲ, ಆಮೇಲಿನದು ಗೊತ್ತಿಲ್ಲ ಅಂದ.

ಅಮ್ಮ ನಲ್ಲಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದಳು. ತಲೆ ಎತ್ತದೆ ಅಂದಳು: "ಚೀಲ ಇತ್ತು. ಕಪಾಟಿನ ಮೇಲಿದ್ದ ಕಂದು ಚೀಲ. ಎರಡು ಅಂಗಿನೂ ಹೋಗಿದ್ವು. ಏನೂ ಹೋಗಿಲ್ಲ ಅಂತ ನಾನೇ ಬರೆಸಿದೆ."

ಅವಳೇ ಮುಂದುವರಿಸಿದಳು. "ಬಿಟ್ಟು ಹೋದ್ರು ಅನ್ನೋದಕ್ಕಿಂತ ಯಾರೋ ಏನೋ ಮಾಡಿದ್ರು ಅನ್ನೋದು ಹೇಳೋಕೆ ಸುಲಭವಾಗಿತ್ತು. ಮೂಳೆ ಸಿಕ್ಕಿದಾಗ ಅದನ್ನೇ ನಂಬಿಬಿಡೋಣ ಅನ್ನಿಸ್ತು." ಆಮೇಲೆ ಮೈದುನನ ಕಡೆ ತಿರುಗಿ, "ನಿಮ್ಮನ್ನ ಕರ್ಕೊಂಡು ಹೋದಾಗಲೂ ಸುಮ್ಮನಿದ್ದೆ," ಅಂದಳು.

ಚಿಕ್ಕಪ್ಪ ಎದ್ದು, ಅವಳು ಹಿಂಡಿಟ್ಟಿದ್ದ ಬಟ್ಟೆಯ ಬಕೆಟ್ಟನ್ನು ತಂತಿಯ ಹತ್ತಿರ ತಂದಿಟ್ಟ. ನಾಳೆ ಬೆಳಿಗ್ಗೆ ಠಾಣೆಗೆ ಹೋಗೋಣ, ಅದನ್ನ ಸರಿಯಾಗಿ ಬರೆಸೋಣ ಅಂದ. ಸೋಮವಾರ ಮೂವರೂ ಹೋದೆವು. ಇನ್ಸ್‌ಪೆಕ್ಟರ್ ಹಳೇ ಫೈಲು ತೆಗೆಸಿ, ಕಂದು ಚೀಲ, ಎರಡು ಅಂಗಿ, ಮೇಲ್ತುಟಿಗೆ ಗಾಯ ಅಂತ ಬರೆದುಕೊಂಡರು. ಬೇರೆ ಊರುಗಳ ಠಾಣೆಗಳಿಗೆ ಕಳಿಸ್ತೀನಿ, ಆದರೆ ಹನ್ನೆರಡು ವರ್ಷದ ಮೇಲಾಗಿದೆ, ಏನೂ ಹೇಳೋಕಾಗಲ್ಲ ಅಂದರು. ಅಮ್ಮ ಸಹಿ ಹಾಕಿದಳು. ಅವಳ ಕೆಳಗೆ ಚಿಕ್ಕಪ್ಪ ಹಾಕಿದ. ಅವನ ಕೆಳಗೆ ನಾನು.